ಉತ್ತರ ಹೇಳಲಾರದ ಆಪಾದಿತರು

ಮನೆಯ ಜಗಲಿಯ ಮೇಲೆ ನಡೆಯುವ ಮಾತು ತೀರಿಹೋದವರ ದೋಷಗಳ ಕಡೆಗೆ ಹೊರಳಿತೆಂದರೆ, “ಸತ್ತವರ ಮಾತು ಈಗೇಕೆ, ಬಿಡಿ” ಎಂದು ಹಿರಿಯರೊಬ್ಬರು ತಡೆಯುವುದುಂಟು. ಇದು ಸಂಸ್ಕಾರವೂ ಇರಬಹುದು, ಅಂಜಿಕೆಯೂ ಇರಬಹುದು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮಾತ್ರ ಇದಕ್ಕೆ ಸಮೀಪದ ಮಾತೊಂದನ್ನು ತನ್ನ ನಿಯಮಾವಳಿಯಲ್ಲಿಯೇ ಬರೆದಿಟ್ಟುಕೊಂಡಿತ್ತು. ಅಪಘಾತದಲ್ಲಿ ಮಡಿದ ವೈಮಾನಿಕರನ್ನು ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿದವರೆಂದು ತೀರ್ಮಾನಿಸಬೇಕಾದರೆ ಯಾವ ಬಗೆಯ ಸಂದೇಹವೂ ಎಳ್ಳಷ್ಟೂ ಉಳಿದಿರಬಾರದು ಎಂಬುದು ಆ ನಿಯಮದ ತಾತ್ಪರ್ಯ. ಕೊಲೆಯ ಮೊಕದ್ದಮೆಯಲ್ಲಿ ಕೂಡ ಇಷ್ಟು ಬಿಗಿಯಾದ ಕಟ್ಟಿಲ್ಲ; ಅಲ್ಲಿ ಯುಕ್ತವಾದ ಸಂದೇಹ ನಿವಾರಣೆಯಾದರೆ ಸಾಕು.

ಇದು ದಯೆಯಿಂದ ಹುಟ್ಟಿದ ನಿಯಮವಲ್ಲ, ವಿವೇಕದಿಂದ ಹುಟ್ಟಿದ್ದು. ಸತ್ತ ವೈಮಾನಿಕ ಸಾಕ್ಷಿಕಟ್ಟೆಯನ್ನೇರಿ “ಆ ಗಳಿಗೆಯಲ್ಲಿ ನಡೆದದ್ದು ಇದು” ಎಂದು ಹೇಳಲಾರ. ಅವನ ಮೇಲೆ ತಪ್ಪು ಹೊರಿಸುವುದು ಸುಲಭ. ಯಂತ್ರವನ್ನು ಕೊಂಡವರಿಗೆ, ಅದನ್ನು ಹಾರಾಟಕ್ಕೆ ಯೋಗ್ಯವೆಂದು ಒಪ್ಪಿ ರುಜು ಹಾಕಿದವರಿಗೆ, ಅದರಲ್ಲಿ ಜನರನ್ನು ಕೂರಿಸಿ ಕಳುಹಿದವರಿಗೆ, ಅಂದರೆ ಬದುಕಿರುವ ಎಲ್ಲರಿಗೂ, ಅದು ಅನುಕೂಲವೂ ಹೌದು.

ಇಂಥ ನಿಯಮವನ್ನು ಮಾಡಿಕೊಂಡ ಪಡೆಯ ಹಿರಿಯರೇ ಅದನ್ನು ಮೀರಿದರು. ಮೀರಿದ್ದನ್ನು ಸರ್ಕಾರ ಒಪ್ಪಿಕೊಳ್ಳಲು ಹದಿನಾರು ವರ್ಷ ಹಿಡಿಯಿತು.

1994ರ ಜೂನ್ 2ರ ಸಂಜೆ. ಉತ್ತರ ಐರ್ಲೆಂಡಿನ ಆಲ್ಡರ್‌ಗ್ರೋವ್ ವಿಮಾನನೆಲೆಯಿಂದ ಎರಡು ದೊಡ್ಡ ರೆಕ್ಕೆಚಕ್ರಗಳ ಚಿನೂಕ್ ಹೆಲಿಕಾಪ್ಟರೊಂದು ಮೇಲೆದ್ದಿತು. ಆ ನಾಡಿನಲ್ಲಿ ಆಗಿನ್ನೂ ಬಾಂಬು ಬಂದೂಕುಗಳ ಕಾಲ. ಭಯೋತ್ಪಾದಕರ ಜಾಡು ಹಿಡಿಯುವ ಗುಪ್ತಚರ ಇಲಾಖೆ, ಪೊಲೀಸು ಮತ್ತು ಸೈನ್ಯಗಳ 25 ಮಂದಿ ಹಿರಿಯ ಅಧಿಕಾರಿಗಳು ಅದರಲ್ಲಿದ್ದರು. ಸ್ಕಾಟ್ಲೆಂಡಿನ ಇನ್ವರ್ನೆಸ್ ಊರಿನ ಬಳಿಯ ಫೋರ್ಟ್ ಜಾರ್ಜ್ ಕೋಟೆಯಲ್ಲಿ ಅವರ ಸಮ್ಮೇಳನ. ಹೆಲಿಕಾಪ್ಟರನ್ನು ನಡೆಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಜೊನಾಥನ್ ಟ್ಯಾಪರ್ ಮತ್ತು ಫ್ಲೈಟ್ ಲೆಫ್ಟಿನೆಂಟ್ ರಿಚರ್ಡ್ ಕುಕ್. ಒಬ್ಬರಿಗೆ 28 ವರ್ಷ, ಇನ್ನೊಬ್ಬರಿಗೆ 30. ಇಬ್ಬರೂ ವಿಶೇಷ ಪಡೆಗಳ ಕಾರ್ಯಕ್ಕೆಂದೇ ಆಯ್ಕೆಯಾದ ನುರಿತ ವೈಮಾನಿಕರು. ಜೊತೆಗೆ ಇನ್ನಿಬ್ಬರು ಸಹಾಯಕ ಸಿಬ್ಬಂದಿ.

ಐರ್ಲೆಂಡಿನಿಂದ ಹೊರಟವರಿಗೆ ಕಿರಿದಾದ ಸಮುದ್ರವನ್ನು ದಾಟಿದೊಡನೆ ಎದುರಾಗುವ ಸ್ಕಾಟ್ಲೆಂಡಿನ ನೆಲವೇ ಮಲ್ ಆಫ್ ಕಿಂಟೈರ್ ಎಂಬ ಬಂಡೆಗುಡ್ಡಗಳ ಭೂಶಿರ. ಪಾಲ್ ಮೆಕಾರ್ಟ್ನಿ 1977ರಲ್ಲಿ ಹಾಡಿದ ಹಾಡಿನಿಂದ ಆ ಹೆಸರು ಲೋಕಪ್ರಸಿದ್ಧವಾಗಿತ್ತು. ಅಂದು ಅಲ್ಲಿನ ಗುಡ್ಡಗಳನ್ನು ಮಂಜು ಮುಸುಕಿತ್ತು. ಆರು ಗಂಟೆ ಹೊಡೆಯುವ ಹೊತ್ತಿಗೆ, ಹೊರಟು ಇಪ್ಪತ್ತು ನಿಮಿಷವೂ ಕಳೆದಿರಲಿಲ್ಲ, ಸಮುದ್ರಮಟ್ಟದಿಂದ ಸುಮಾರು 800 ಅಡಿ ಎತ್ತರದಲ್ಲಿ ಹೆಲಿಕಾಪ್ಟರು ಗುಡ್ಡಕ್ಕೆ ಬಡಿದು ಉರಿದುಹೋಯಿತು. 29 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಕೊನೆಯ ನಿಮಿಷಗಳಲ್ಲಿ ಒಳಗೆ ನಡೆದದ್ದೇನು? ಪ್ರಯಾಣಿಕರ ವಿಮಾನಗಳಲ್ಲಿ ಅಂಥದನ್ನು ತಿಳಿಯಲು ‘ಕಪ್ಪು ಪೆಟ್ಟಿಗೆ’ ಇರುತ್ತದೆ. ಈ ಹೆಲಿಕಾಪ್ಟರಿನಲ್ಲಿ ಅದಿರಲಿಲ್ಲ. ವೈಮಾನಿಕರ ಮಾತನ್ನು ಹಿಡಿದಿಡುವ ಯಂತ್ರವೂ ಇರಲಿಲ್ಲ. ರಾಜ್ಯದ ಗುಟ್ಟುಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡವರನ್ನು ಒಂದೇ ಯಂತ್ರದಲ್ಲಿ ತುಂಬಿ ಕಳುಹಿಸಿದವರಿಗೆ ಈ ಒಂದು ಪೆಟ್ಟಿಗೆಯ ಅವಶ್ಯಕತೆ ತೋರದೆ ಹೋದದ್ದು ಸೋಜಿಗವೇ ಸರಿ.

ವಾಯುಪಡೆಯ ಮೂವರು ಅಧಿಕಾರಿಗಳ ತನಿಖಾ ಮಂಡಲಿ ಕುಳಿತಿತು. ಏರುವ ವೇಗವನ್ನು ಆರಿಸಿಕೊಳ್ಳುವುದರಲ್ಲಿ ವೈಮಾನಿಕರು ಎಡವಿರಬಹುದೆಂಬುದು ಅವರ ಊಹೆ. ಆದರೆ ಅದನ್ನು ನಿರ್ಲಕ್ಷ್ಯವೆಂದು ಹೇಳಲು ಅವರು ಒಪ್ಪಲಿಲ್ಲ. ವರದಿ ಮೇಲಕ್ಕೆ ಹೋಯಿತು. ಅದನ್ನು ಪರಿಶೀಲಿಸಿದ ಇಬ್ಬರು ಹಿರಿಯರು, ಏರ್ ವೈಸ್ ಮಾರ್ಷಲ್ ಜಾನ್ ಡೇ ಮತ್ತು ಏರ್ ಚೀಫ್ ಮಾರ್ಷಲ್ ಸರ್ ವಿಲಿಯಂ ರಾಟನ್, ಕೆಳಗಿನವರ ಅಭಿಪ್ರಾಯವನ್ನು ತಳ್ಳಿಹಾಕಿ ಇಬ್ಬರು ವೈಮಾನಿಕರದೂ ಘೋರ ನಿರ್ಲಕ್ಷ್ಯವೆಂದು ಷರಾ ಬರೆದರು. ಮೋಡ ಮುಸುಕಿದ ಗುಡ್ಡದೆಡೆಗೆ ತಗ್ಗಿನಲ್ಲಿಯೇ ವೇಗವಾಗಿ ಸಾಗಿದ್ದೇ ತಪ್ಪು. ಅಷ್ಟರೊಳಗೆ ಅವರು ತಿರುಗಬೇಕಿತ್ತು, ಇಲ್ಲವೇ ಮೇಲಕ್ಕೇರಬೇಕಿತ್ತು ಎಂಬುದು ಅವರ ವಾದ. 1995ರಲ್ಲಿ ಇದು ಬಹಿರಂಗವಾಯಿತು. ವಾದದಲ್ಲಿ ತೂಕವಿಲ್ಲವೆಂದಲ್ಲ. ಆದರೆ ಅವರು ತಿರುಗಲು ಯತ್ನಿಸಲಿಲ್ಲವೆಂದು ಹೇಳಬಲ್ಲವರಾರು? ತಿರುಗಿಸಿದರೂ ಯಂತ್ರ ಮಾತು ಕೇಳದೆ ಹೋಯಿತೋ ಏನೋ.

ಯಂತ್ರದ ವಿಷಯದಲ್ಲಿ ಅನುಮಾನಕ್ಕೆ ಬೇಕಾದಷ್ಟು ಎಡೆಯಿತ್ತು. ಅದು ಚಿನೂಕಿನ ಎರಡನೆಯ ಮಾದರಿ, ಪಡೆಗೆ ಹೊಸದಾಗಿ ಬಂದದ್ದು. ಇಂಜಿನಿಗೆ ಎಷ್ಟು ಇಂಧನ ಹರಿಯಬೇಕೆಂಬುದನ್ನು ಅದರಲ್ಲಿ ಗಣಕಯಂತ್ರವೇ ನಿರ್ಧರಿಸುತ್ತಿತ್ತು. ಈ ವ್ಯವಸ್ಥೆಯನ್ನು 1989ರಲ್ಲಿ ಅಮೆರಿಕದ ವಿಲ್ಮಿಂಗ್ಟನ್ನಿನಲ್ಲಿ ನೆಲದ ಮೇಲೆಯೇ ಪರೀಕ್ಷಿಸುತ್ತಿದ್ದಾಗ ಇಂಜಿನು ಹತೋಟಿ ಮೀರಿ ಓಡಿ ಹೆಲಿಕಾಪ್ಟರಿಗೆ ಭಾರಿ ಹಾನಿಯಾಗಿತ್ತು; ಅದಕ್ಕಾಗಿ ಬ್ರಿಟನ್ನಿನ ರಕ್ಷಣಾ ಇಲಾಖೆ ತಯಾರಕರ ಮೇಲೆ ದಾವೆಯನ್ನೂ ಹೂಡಿತ್ತು. ಮುಂದೆ ಆ ಗಣಕದ ಸೂಚನಾಲಿಪಿಯನ್ನು ಪರಿಶೀಲಿಸಲು ಕುಳಿತ ತಜ್ಞರು ಐದರಲ್ಲೊಂದು ಪಾಲನ್ನೂ ಮುಗಿಸುವ ಮೊದಲೇ 485 ಅಸಂಗತಿಗಳನ್ನು ಪಟ್ಟಿಮಾಡಿ, ಸಾಕೆಂದು ಕೆಲಸವನ್ನೇ ನಿಲ್ಲಿಸಿದರು. ಸೇನೆಯ ವಿಮಾನಗಳನ್ನು ಒರೆಗೆ ಹಚ್ಚುವ ಕೇಂದ್ರವಿರುವುದು ಬಾಸ್ಕೋಂಬ್ ಡೌನ್ ಎಂಬಲ್ಲಿ. ಅಲ್ಲಿನ ಪರೀಕ್ಷಕರು ಈ ಮಾದರಿಯ ಹಾರಾಟವನ್ನು ನಿಲ್ಲಿಸಿದ್ದು ಜೂನ್ 1ರಂದು. ಅದೇ ಮಾದರಿಯಲ್ಲಿ 29 ಮಂದಿ ಹೊರಟದ್ದು ಮರುದಿನ. ಪರೀಕ್ಷಕರು ಹತ್ತಲೊಲ್ಲದ ಬಂಡಿ ಪ್ರಯಾಣಿಕರಿಗೆ ಆಗಬಹುದೆಂದು ತೋರಿತು! ಹಳೆಯ ಮಾದರಿಯ ಹೆಲಿಕಾಪ್ಟರನ್ನೇ ಕೊಡಿರೆಂದು ಟ್ಯಾಪರ್ ಕೇಳಿದ್ದರು, ಅದು ದೊರೆಯಲಿಲ್ಲ.

ಇಷ್ಟರಿಂದಲೇ ಇಂಜಿನು ಕೆಟ್ಟು ಅಪಘಾತವಾಯಿತೆಂದು ಸಾಧಿಸಿದಂತಾಗುವುದಿಲ್ಲ. ಹಾಗೆ ಸಾಧಿಸಿದವರು ಇಂದಿನವರೆಗೂ ಯಾರೂ ಇಲ್ಲ. ವೈಮಾನಿಕರೇ ತಪ್ಪಿರಲೂಬಹುದು. ಯಾವುದನ್ನೂ ಖಚಿತವಾಗಿ ಹೇಳಲು ಬಾರದಿದ್ದಾಗ ‘ತಿಳಿಯದು’ ಎಂದು ಬರೆಯುವುದೇ ಪ್ರಾಮಾಣಿಕವಾದ ತೀರ್ಪು. ದೊಡ್ಡ ಹುದ್ದೆಯಲ್ಲಿರುವವರ ಲೇಖನಿಗೆ ಅದೊಂದು ಪದ ಏಕೋ ಬಹಳ ಭಾರವಾಗುತ್ತದೆ.

ಇಬ್ಬರ ಮನೆಯವರೂ ಸುಮ್ಮನಾಗಲಿಲ್ಲ. ಮಗ ಸತ್ತ ದುಃಖ ಒಂದು. ಇಪ್ಪತ್ತೇಳು ಮಂದಿಯ ಸಾವಿಗೆ ಮಗನೇ ಕಾರಣನೆಂದು ಸರ್ಕಾರಿ ಮುದ್ರೆ ಬಿದ್ದ ಕಾಗದ ಮನೆಯಲ್ಲಿರುವುದು ಇನ್ನೊಂದು. ಮೊದಲನೆಯದನ್ನು ಕಾಲ ಮಾಗಿಸಬಹುದು. ಎರಡನೆಯದು ಪ್ರತಿ ವರ್ಷದ ಜೂನ್ ತಿಂಗಳಿನಲ್ಲಿ ಹೊಸದಾಗುತ್ತದೆ. ಇಬ್ಬರ ತಂದೆಯರೂ ಆ ಕಾಗದದ ವಿರುದ್ಧ ಪತ್ರ ಬರೆಯುತ್ತ, ಪಾರ್ಲಿಮೆಂಟಿನ ಸದಸ್ಯರ ಬಾಗಿಲು ತಟ್ಟುತ್ತ ಮುದುಕರಾದರು.

1996ರಲ್ಲಿ ಸ್ಕಾಟ್ಲೆಂಡಿನ ನ್ಯಾಯಾಧೀಶ ಸರ್ ಸ್ಟೀಫನ್ ಯಂಗ್ ಸಾರ್ವಜನಿಕ ವಿಚಾರಣೆ ನಡೆಸಿ, ಅಪಘಾತದ ಕಾರಣ ಸಿದ್ಧಪಟ್ಟಿಲ್ಲವೆಂದರು. 2000ದಲ್ಲಿ ಕಾಮನ್ಸ್ ಸಭೆಯ ಲೆಕ್ಕಪತ್ರ ಸಮಿತಿ, ಹಿರಿಯರ ನಿರ್ಣಯವನ್ನು ರದ್ದುಮಾಡಬೇಕೆಂದಿತು. 2002ರಲ್ಲಿ ಲಾರ್ಡ್ಸ್ ಸಭೆಯ ವಿಶೇಷ ಸಮಿತಿ ಒಮ್ಮತದಿಂದ ಅದೇ ಮಾತನ್ನು ಹೇಳಿತು. ಪ್ರತಿ ಸಲವೂ ರಕ್ಷಣಾ ಇಲಾಖೆಯಿಂದ ಬಂದ ಉತ್ತರ ಒಂದೇ: ಹೊಸ ಸಾಕ್ಷ್ಯ ತನ್ನಿರಿ, ನೋಡೋಣ. ಈ ಉತ್ತರದ ಚಮತ್ಕಾರವನ್ನು ಗಮನಿಸಬೇಕು. ಸಂದೇಹವಿಲ್ಲವೆಂದು ಸಾಧಿಸಬೇಕಾದವರು ಆರೋಪಿಸಿದವರು. ಅವರು ಆ ಹೊರೆಯನ್ನು ಮೆಲ್ಲನೆ ಕೆಳಗಿಳಿಸಿ, ಸತ್ತವರ ಹೆತ್ತವರ ತಲೆಯ ಮೇಲಿಟ್ಟರು. ತೀರ್ಪು ಹೊರಬಿದ್ದಾಗ ರಕ್ಷಣಾ ಮಂತ್ರಿಯಾಗಿದ್ದ ಮಾಲ್ಕಮ್ ರಿಫ್ಕಿಂಡ್ ಮುಂದೆ ತಮ್ಮ ಅಭಿಪ್ರಾಯ ಬದಲಾಯಿಸಿ, ಅದನ್ನು ತೆಗೆದುಹಾಕಬೇಕೆಂದು ಬಹಿರಂಗವಾಗಿ ಹೇಳಿದರು. ಅಧಿಕಾರದ ಕುರ್ಚಿಯಿಂದ ಇಳಿದ ಮೇಲೆ ಸತ್ಯ ಸ್ಪಷ್ಟವಾಗಿ ಕಾಣುವುದು ಒಂದು ದೇಶದ ವಿಶೇಷವೇನಲ್ಲ.

ಕಡೆಗೆ ನಿವೃತ್ತ ನ್ಯಾಯಮೂರ್ತಿ ಲಾರ್ಡ್ ಫಿಲಿಪ್ ಅವರಿಗೆ ಕಾಗದಪತ್ರಗಳನ್ನು ಒಪ್ಪಿಸಲಾಯಿತು. ಗುಡ್ಡದ ಮೇಲೆ ನಡೆದದ್ದೇನೆಂಬುದನ್ನು ಅವರು ಹೊಸದಾಗಿ ಕಂಡುಹಿಡಿಯಹೊರಡಲಿಲ್ಲ. ನಿಯಮವನ್ನು ಓದಿದರು, ತೀರ್ಪನ್ನು ಓದಿದರು. ಒಂದರ ಅಳತೆಗೆ ಇನ್ನೊಂದು ನಿಲ್ಲದೆಂದು ಬರೆದರು. 2011ರ ಜುಲೈ 13ರಂದು ಆಗಿನ ರಕ್ಷಣಾ ಮಂತ್ರಿ ಲಿಯಂ ಫಾಕ್ಸ್ ಕಾಮನ್ಸ್ ಸಭೆಯಲ್ಲಿ ಎದ್ದುನಿಂತು ನಿರ್ಣಯವನ್ನು ರದ್ದುಗೊಳಿಸಿ, ಎರಡು ಮನೆಗಳವರ ಕ್ಷಮೆ ಯಾಚಿಸಿದರು. ಆ ದಿನವನ್ನು ಕಾಣಲು ರಿಚರ್ಡ್ ಕುಕ್‌ನ ತಂದೆ ಉಳಿದಿರಲಿಲ್ಲ.

ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. 2006ರ ಸೆಪ್ಟೆಂಬರ್ 2ರಂದು ಅಫಘಾನಿಸ್ತಾನದ ಮೇಲೆ ನಿಮ್ರಾಡ್ ಎಂಬ ಹಳೆಯ ವಿಮಾನ ಹೊತ್ತಿಕೊಂಡು 14 ಮಂದಿ ಸತ್ತರು. ಆಕಾಶದಲ್ಲಿಯೇ ಇಂಧನ ತುಂಬಿಸಿಕೊಂಡ ಮೇಲೆ ಸೋರಿದ ಎಣ್ಣೆ, ಕಾದ ಗಾಳಿಯ ಕೊಳವೆಗೆ ತಗುಲಿತ್ತು. ಅದನ್ನು ವಿಮರ್ಶಿಸಿದ ವಕೀಲ ಚಾರ್ಲ್ಸ್ ಹ್ಯಾಡನ್-ಕೇವ್ 2009ರ ವರದಿಯಲ್ಲಿ ಸತ್ತವರ ಮೇಲೆ ಕೈತೋರಲಿಲ್ಲ. ವಿಮಾನದ ಸುರಕ್ಷತೆಯನ್ನು ಬರಿಯ ಕಾಗದದ ಕೆಲಸವಾಗಿ ಮುಗಿಸಿದ ಸಂಸ್ಥೆಗಳನ್ನೂ ಅಧಿಕಾರಿಗಳನ್ನೂ ಹೆಸರು ಹಿಡಿದು ಕರೆದರು. ಅವರೆಲ್ಲ ಬದುಕಿದ್ದರು, ಉತ್ತರ ಹೇಳಬಲ್ಲವರಾಗಿದ್ದರು. ಸೇನೆಯ ವಿಮಾನಗಳ ಸುರಕ್ಷತೆಯ ಉಸ್ತುವಾರಿಗೆಂದೇ 2010ರಲ್ಲಿ ಅಲ್ಲಿ ಪ್ರತ್ಯೇಕ ಪ್ರಾಧಿಕಾರ ಹುಟ್ಟಿದ್ದು ಈ ವರದಿಯಿಂದ.

ಸತ್ತ ವೈಮಾನಿಕನ ಕೈತಪ್ಪು, ಬದುಕಿದವರ ಕಡತ — ಇವೆರಡರ ಲೆಕ್ಕ ಭಾರತದ ಓದುಗರಿಗೂ ಹೊಸದಲ್ಲ. 2012ರಲ್ಲಿ ರಕ್ಷಣಾ ಮಂತ್ರಿ ಎ. ಕೆ. ಆಂಟನಿ ರಾಜ್ಯಸಭೆಗೆ ಕೊಟ್ಟ ಅಂಕಿಗಳಂತೆ, ಕೊಂಡ 872 ಮಿಗ್ ವಿಮಾನಗಳಲ್ಲಿ 482 ಅಪಘಾತಗಳಲ್ಲಿ ನಾಶವಾಗಿ, 171 ವೈಮಾನಿಕರು ಅಸುನೀಗಿದ್ದರು. ಕಾರಣಗಳ ಪಟ್ಟಿಯಲ್ಲಿ ಯಂತ್ರದೋಷದ ಜೊತೆಗೆ ಮಾನವದೋಷವೂ ಇತ್ತು. ಯಾವ ಮಾನವರ ದೋಷ? ನಿಧಾನವಾಗಿ ಹಾರುವ ತರಬೇತಿ ವಿಮಾನದಿಂದ ಇಳಿದ ಹುಡುಗರನ್ನು ನೇರವಾಗಿ ಮಿಗ್-21ರಂಥ ಮಿಂಚಿನ ವೇಗದ ಯಂತ್ರಕ್ಕೆ ಹತ್ತಿಸುವುದು ಅಪಾಯ, ನಡುವೆ ಮುಂದುವರಿದ ಜೆಟ್ ತರಬೇತಿ ವಿಮಾನವೊಂದು ಬೇಕೆಂದು ಲಾ ಫಾಂಟೇನ್ ಸಮಿತಿ ಶಿಫಾರಸು ಮಾಡಿದ್ದು 1982ರಲ್ಲಿ. ಹಾಕ್ ವಿಮಾನಗಳ ಖರೀದಿಗೆ ಸಹಿ ಬಿದ್ದದ್ದು 2004ರಲ್ಲಿ. ಅವು ಬೀದರಿನ ವಾಯುನೆಲೆಯಲ್ಲಿ ವಿಧ್ಯುಕ್ತವಾಗಿ ಸೇರ್ಪಡೆಯಾದದ್ದು 2008ರಲ್ಲಿ. ಬೀದರಿನ ಕೋಟೆಯ ಮೇಲೆ ಹಾಕ್‌ಗಳು ಸದ್ದುಮಾಡುತ್ತ ಹಾರುವುದನ್ನು ಅಲ್ಲಿನ ಮಕ್ಕಳು ನೋಡುವಂತಾಗುವ ಮೊದಲು ಇಪ್ಪತ್ತಾರು ವರ್ಷಗಳ ತಂಡಗಳು ಆ ನಡುಮೆಟ್ಟಿಲಿಲ್ಲದೆಯೇ ಏರಿದ್ದವು. ತಡಮಾಡಿದ ಲೇಖನಿಯನ್ನು ಯಾವ ತನಿಖಾ ಮಂಡಲಿಯೂ ಘೋರ ನಿರ್ಲಕ್ಷ್ಯವೆಂದು ಕರೆಯಲಿಲ್ಲ. ಮಿಗ್-21 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಗೌರವದಿಂದ ನಿವೃತ್ತಿಯಾಯಿತು.

ಬದುಕುಳಿದವನಾದರೆ ಪ್ರಶ್ನೆ ಕೇಳಬಲ್ಲ. 2005ರ ಜನವರಿಯಲ್ಲಿ ರಾಜಸ್ಥಾನದಲ್ಲಿ ಉರಿಯುವ ಮಿಗ್‌ನಿಂದ ಹೊರಚಿಮ್ಮಿ ಉಳಿದ ವಾಯುಪಡೆಯ ಅಧಿಕಾರಿಯೊಬ್ಬರು ಬೆನ್ನಿನ ಪೆಟ್ಟಿನಿಂದ ಮತ್ತೆ ಯುದ್ಧವಿಮಾನ ಹಾರಿಸಲಾರದವರಾದರು. ಮಾಹಿತಿ ಹಕ್ಕಿನ ಕಾನೂನು ಹಿಡಿದು ತನಿಖೆಯ ಫಲಿತಾಂಶವನ್ನು ಪಡೆದಾಗ, ಕಾರಣ ತಯಾರಿಕೆಯ ದೋಷವೆಂದು ಅದರಲ್ಲಿತ್ತು. ದೆಹಲಿ ಉಚ್ಚ ನ್ಯಾಯಾಲಯ 2017ರಲ್ಲಿ 55 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಸೈನಿಕನೂ ಪ್ರಾಣಾಪಾಯಕ್ಕೆ ಒಪ್ಪಿಯೇ ಸೇರಿದವನು, ನಿಜ. ಆದರೆ ಅವನು ಒಪ್ಪಿದ್ದು ಶತ್ರುವಿನಿಂದ ಬರುವ ಅಪಾಯಕ್ಕೆ, ಕಾರ್ಖಾನೆಯಿಂದ ಬರುವುದಕ್ಕಲ್ಲ.

ಮಲ್ ಆಫ್ ಕಿಂಟೈರಿನ ಕಥೆಯಲ್ಲಿ ಉತ್ತರಕ್ಕಾಗಿ ಕಾದು ಕುಳಿತವರು ಇನ್ನೂ ಇದ್ದಾರೆ. ಇಬ್ಬರು ವೈಮಾನಿಕರ ಮೇಲಿನ ಕಳಂಕವೇನೋ ತೊಳೆಯಿತು. ಆದರೆ ಹಾರಲು ಯೋಗ್ಯವೆಂಬ ಭರವಸೆಯಿಲ್ಲದ ಯಂತ್ರದಲ್ಲಿ ತಮ್ಮವರನ್ನು ಕೂರಿಸಿದವರಾರೆಂದು ಉಳಿದವರ ಮಕ್ಕಳು ಕೇಳುತ್ತಿದ್ದಾರೆ. ಅಂದು ಶಾಲೆಗೆ ಹೋಗುತ್ತಿದ್ದವರು ಇಂದು ನಡುವಯಸ್ಸಿನವರು. ಅಪಘಾತಕ್ಕೆ ಸಂಬಂಧಿಸಿದ ಕೆಲವು ಕಡತಗಳಿಗೆ ನೂರು ವರ್ಷಗಳ ಬೀಗ ಬಿದ್ದಿರುವುದು 2024ರಲ್ಲಿ ಬಿ.ಬಿ.ಸಿ.ಯ ಸಾಕ್ಷ್ಯಚಿತ್ರದ ಹೊತ್ತಿಗೆ ಅವರ ಕಿವಿಗೆ ಬಿತ್ತು. ವ್ಯಕ್ತಿಗಳ ಖಾಸಗಿ ವಿವರಗಳಿವೆ, ಆದ್ದರಿಂದ ಮುಚ್ಚಿದ್ದೇವೆ ಎನ್ನುತ್ತದೆ ರಕ್ಷಣಾ ಇಲಾಖೆ. ನ್ಯಾಯಾಧೀಶರಿಂದ ಹೊಸ ವಿಚಾರಣೆಯಾಗಬೇಕೆಂದು ಮನೆಯವರೆಲ್ಲ ಒಟ್ಟಾಗಿ, 2025ರಲ್ಲಿ ನ್ಯಾಯಾಲಯದ ಮೆಟ್ಟಿಲೇರಲೂ ಸಿದ್ಧರಾದರು.

ಬೀಗ ತೆರೆಯುವುದು 2094ರಲ್ಲಿ. ಆ ಸಂಜೆ ಐದು ವರ್ಷದವನಾಗಿದ್ದ ಮಗನಿಗೆ ಅಂದು ನೂರ ಐದು ತುಂಬಿರುತ್ತದೆ.