ಬಿಲ್ಲಾಗುವ ಮುಂಚೆ

ಬಿಲ್ಲು ಎಂದೊಡನೆ ಎಲ್ಲರ ಮನಸ್ಸು ಬಾಣ ಹಾರುವ ಕಡೆಗೆ ಓಡುತ್ತದೆ. ನನಗೆ ಪ್ರೀತಿ ಇರುವುದು ಅದಕ್ಕಿಂತ ಎಷ್ಟೋ ಹಿಂದಿನ ಒಂದು ಘಟ್ಟದ ಮೇಲೆ. ಮರ ಉರುಳಿದೆ, ಬಿಲ್ಲು ಇನ್ನೂ ಹುಟ್ಟಿಲ್ಲ. ಆಳುದ್ದದ ಸೀಳೊಂದು ತೊಗಟೆ ಕಳಚಿಕೊಂಡು ಕೊಟ್ಟಿಗೆಯ ಗೋಡೆಗೆ ಒರಗಿದೆ. ಬಿಲ್ಲಿನ ಹಣೆಬರಹದ ಬಹುಪಾಲು ಆ ಹೊತ್ತಿಗೇ ಬರೆದಾಗಿರುತ್ತದೆ.

ಕಾನ್ಸಾಸ್‌ನಲ್ಲಿ ನಾನಿರುವ ಕಡೆ ಹೊಲದ ಅಂಚಿನುದ್ದಕ್ಕೂ ಓಸೇಜ್ ಆರೆಂಜ್ ಮರಗಳು. ಹೆಸರಿನಲ್ಲಿ ಕಿತ್ತಳೆ ಇದೆಯೇ ಹೊರತು ಅದಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಕಾಯಿ ಹಸಿರು, ಮೈಯೆಲ್ಲ ಉಬ್ಬುತಗ್ಗು. ಒಡೆದರೆ ಬಿಳಿ ಹಾಲು ಜಿನುಗಿ ಬೆರಳಿಗೆ ಅಂಟುತ್ತದೆ. ಇದು ಹಲಸು, ಆಲ, ಅತ್ತಿ, ಹಿಪ್ಪುನೇರಳೆಗಳ ಕುಟುಂಬದ್ದು ಎಂದು ಓದಿದ ದಿನ ನನಗೆ ಊರಿನವರೊಬ್ಬರು ಸಿಕ್ಕಷ್ಟು ಸಂತೋಷವಾಯಿತು. ಇದರ ಮೂಲ ನೆಲೆ ಟೆಕ್ಸಸ್, ಓಕ್ಲಹೋಮ, ಅರ್ಕಾನ್ಸಾಗಳ ಕಡೆಯ ರೆಡ್ ನದಿಯ ಸೀಮೆ. ಮೈಗೆ ಮುಳ್ಳಿರುವ ಮರವಾದ್ದರಿಂದ ಹಿಂದಿನ ರೈತರು ದನ ತಡೆಯಲು ಇದನ್ನೇ ಬೇಲಿಯಾಗಿ ಬೆಳೆಸಿದರು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಬೇಲಿಯ ಕೆಲಸ ತಂತಿಯ ಪಾಲಾಯಿತು, ಮರ ಆ ತಂತಿಯನ್ನು ಹಿಡಿದು ನಿಲ್ಲುವ ಗೂಟವಾಯಿತು. ಮಣ್ಣಿನಲ್ಲಿ ದಶಕಗಟ್ಟಲೆ ನಿಂತರೂ ಕೊಳೆಯದ ಗೂಟ. ಈ ನೆಲದ ಮೂಲ ಜನರಿಗೆ ಮರದ ಬೆಲೆ ಮೊದಲೇ ಗೊತ್ತಿತ್ತು. 1811ರಲ್ಲಿ ಮಿಸೌರಿ ನದಿಯಗುಂಟ ಹೋದ ಸಸ್ಯಶಾಸ್ತ್ರಜ್ಞ ಜಾನ್ ಬ್ರಾಡ್‌ಬರಿ, ಅರಿಕರ ಜನರಲ್ಲಿ ಈ ಮರದ ಒಂದು ಬಿಲ್ಲಿಗೆ ಒಂದು ಕುದುರೆ, ಒಂದು ಕಂಬಳಿ ಕೊಡಬೇಕಿತ್ತು ಎಂದು ಬರೆದಿದ್ದಾನೆ.

ನನಗೆ ಬಿಲ್ಲು ಕೆತ್ತುವ ಕೆಲಸ ತೋರಿಸಿಕೊಟ್ಟವರು ಪಕ್ಕದ ಹೊಲದ ಹಿರಿಯರು. ಮರ ಕಡಿಯುವುದು ಚಳಿಗಾಲದಲ್ಲಿ. ಕಡಿಯುವ ಮುಂಚೆ ಅವರು ಮರದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು ತೊಗಟೆಯ ಗೀರುಗಳ ಮೇಲೆ ಕೈಯಾಡಿಸುತ್ತಾರೆ. ಗೀರು ನೆಟ್ಟಗೆ ಮೇಲಕ್ಕೆ ಹೋಗಿದ್ದರೆ ಒಳಗಿನ ಎಳೆಯೂ ನೆಟ್ಟಗೆ. ಗೀರು ಬಳ್ಳಿ ಸುತ್ತಿದಂತೆ ತಿರುಗಿದ್ದರೆ ಆ ಮರವನ್ನು ಅದರ ಪಾಡಿಗೆ ಬಿಡುತ್ತಾರೆ. ಉರುಳಿಸಿದೊಡನೆ ಕೊರಡಿನ ಎರಡು ತುದಿಗೂ ಅಂಟು ಬಳಿಯಬೇಕು. ನೀರು ಎಲ್ಲಕ್ಕಿಂತ ಬೇಗ ಹೊರಡುವುದು ಕಡಿದ ತುದಿಯಿಂದ. ತುದಿ ಒಣಗಿ ಕುಗ್ಗುತ್ತದೆ, ನಡುಭಾಗ ಹಸಿಯಾಗಿಯೇ ಇರುತ್ತದೆ, ಆ ಜಗ್ಗಾಟದಲ್ಲಿ ಬಿರುಕು ಹುಟ್ಟಿ ಒಳಕ್ಕೆ ಓಡುತ್ತದೆ.

ಆಮೇಲೆ ಸೀಳುವುದು. ಗರಗಸ ಮರದ ಮಾತು ಕೇಳುವುದಿಲ್ಲ, ತನ್ನ ಗೆರೆಯಲ್ಲೇ ಎಳೆಗಳನ್ನು ಅಡ್ಡ ಕತ್ತರಿಸಿಕೊಂಡು ಹೋಗುತ್ತದೆ. ಬೆಣೆ ಎಳೆಯ ಹಿಂದೆ ಹೋಗುತ್ತದೆ. ಕೊರಡಿನ ತುದಿಗೆ ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೆಯುವಾಗ ಮೊದಲು ಮೊಂಡು ಸದ್ದು; ಬೆಣೆ ಕಚ್ಚಿಕೊಂಡಂತೆ ಸದ್ದು ಖಣಖಣಿಸತೊಡಗುತ್ತದೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ನಂತರ ಚಟಚಟನೆ ಕೂದಲೆಳೆಯ ಬಿರುಕೊಂದು ತೊಗಟೆಯ ಮೇಲೆ ಹರಿದು ಹೋಗುತ್ತದೆ. ಅದರ ಬೆನ್ನಿಗೇ ಎರಡನೆಯ ಬೆಣೆ, ಮೂರನೆಯದು, ಹೀಗೆ ಬಿರುಕನ್ನು ಇನ್ನೊಂದು ತುದಿಯವರೆಗೆ ನಡೆಸಿಕೊಂಡು ಹೋಗಬೇಕು. ಎರಡು ಹೋಳಿನ ನಡುವೆ ಇನ್ನೂ ಕೈಹಿಡಿದುಕೊಂಡಿರುವ ನಾರುಗಳನ್ನು ಸಣ್ಣ ಕೊಡಲಿಯಿಂದ ಕಡಿದರೆ ಕೊರಡು ಬಾಯಿಬಿಟ್ಟು ಮಲಗುತ್ತದೆ. ಒಳಗೆ ಕಣ್ಣು ಕೋರೈಸುವ ಹಳದಿ! ಹಲಸಿನ ಚೇಗು ಕಂಡವರಿಗೆ ಈ ಹಳದಿ ಹೊಸದಲ್ಲ. ನಮ್ಮಲ್ಲಿ ವೀಣೆಯೂ ಮೃದಂಗವೂ ಆಗುವ ಆ ಮರದಂತೆ ಇದೂ ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ.

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಬಳೆ ಹಿಡಿಯುವುದು. ಬಿಲ್ಲು ಎಳೆದಾಗ ಗುರಿಯ ಕಡೆಗಿರುವ ಅದರ ಬೆನ್ನು ಹಿಗ್ಗುತ್ತದೆ, ಬಿಲ್ಲುಗಾರನ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಹಿಗ್ಗುವ ಬೆನ್ನಿನಲ್ಲಿ ಎಳೆ ತುಂಡಾಗಿದ್ದರೆ ಅಲ್ಲಿಂದ ಸಿಬಿರೆದ್ದು ಬಿಲ್ಲು ಮುರಿಯುತ್ತದೆ. ಆದ್ದರಿಂದ ಬೆನ್ನಿನ ಉದ್ದಕ್ಕೂ ಮರದ ಒಂದೇ ವರ್ಷದ ಬೆಳವಣಿಗೆ, ಅಂದರೆ ಒಂದೇ ಬಳೆ, ಅಖಂಡವಾಗಿ ಉಳಿಯಬೇಕು. ಕಾಲಿನಿಂದ ಒತ್ತಿದರೆ ಮರವನ್ನು ಕಚ್ಚಿ ಹಿಡಿಯುವ ಮಣೆಯ ಮೇಲೆ ಕುಳಿತು, ಎರಡು ತುದಿಗೂ ಹಿಡಿಯಿರುವ ಉದ್ದನೆಯ ಕತ್ತಿಯನ್ನು ಎದೆಯತ್ತ ಎಳೆದುಕೊಳ್ಳುತ್ತಾ ತೊಗಟೆ, ಅದರಡಿಯ ಬಿಳಿ ಪದರ, ನಂತರ ಹೊರಗಿನ ಒಂದೊಂದೇ ಬಳೆಯನ್ನು ಹೆರೆಯುತ್ತಾರೆ. ಪ್ರತಿ ಬಳೆಯಲ್ಲೂ ಎರಡು ಪದರ. ವಸಂತದಲ್ಲಿ ಬೆಳೆದದ್ದು ಸಣ್ಣ ರಂಧ್ರಗಳಿಂದ ತುಂಬಿದ ಪೊಳ್ಳು, ಬೇಸಗೆಯಲ್ಲಿ ಬೆಳೆದದ್ದು ಗಟ್ಟಿ. ಕತ್ತಿ ಪೊಳ್ಳು ಪದರಕ್ಕೆ ಇಳಿದೊಡನೆ ಹಪ್ಪಳ ಮುರಿದಂಥ ಸದ್ದು. ಆ ಸದ್ದು ಬಂದಲ್ಲೆಲ್ಲ ಕೈ ಹಗುರಾಗಬೇಕು, ಕೆಳಗಿನ ಗಟ್ಟಿ ಪದರಕ್ಕೆ ಗಾಯವಾಗಬಾರದು. ಗಂಟು ಬಂದರೆ ಬಳೆ ಅದರ ಮೇಲೆ ದಿಬ್ಬವಾಗಿ ಏರಿ ಇಳಿದಿರುತ್ತದೆ. ಕತ್ತಿಯೂ ಅಲ್ಲಿ ಏರಿ ಇಳಿಯಬೇಕು. ಕಿಟಕಿಯ ಬೆಳಕನ್ನು ಓರೆಯಾಗಿ ಬೀಳಿಸಿಕೊಂಡು, ಬೆರಳ ತುದಿಯಲ್ಲಿ ಮತ್ತೆ ಮತ್ತೆ ಸವರಿ ನೋಡುತ್ತಾ, ಒಂದು ವರ್ಷದ ಮಳೆಬಿಸಿಲನ್ನು ಈ ತುದಿಯಿಂದ ಆ ತುದಿಯವರೆಗೆ ಬಿಡಿಸುವ ಕೆಲಸ ಇದು. ಇಡೀ ಮಧ್ಯಾಹ್ನ ಇದಕ್ಕೆ ಹೋದರೂ ನನಗೆ ಬೇಸರವಾಗುವುದಿಲ್ಲ.

ಎಲ್ಲ ಮರಕ್ಕೂ ಒಂದೇ ನ್ಯಾಯವಿಲ್ಲ. ಯುರೋಪಿನ ಯೂ ಮರದಲ್ಲಿ ಬಿಳಿ ಪದರವನ್ನೇ ಬೆನ್ನಾಗಿ ಉಳಿಸಿಕೊಳ್ಳುತ್ತಾರೆ, ಅದು ಚೆನ್ನಾಗಿ ಹಿಗ್ಗುತ್ತದೆ. ಒಳಗಿನ ಕೆಂಪು ಚೇಗು ಹೊಟ್ಟೆಯಾಗಿ ಒತ್ತಡ ತಡೆಯುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಬಿಲ್ಲುಗಳು ಯೂ ಮರದವೇ. ಆದರೆ ನನ್ನ ಮನಸ್ಸು ಹೋಗುವುದು ಅವಕ್ಕಿಂತ ಹಳೆಯ, ಅರೆಬರೆ ಕೆತ್ತಿದ ಇನ್ನೊಂದು ಯೂ ಬಿಲ್ಲಿನ ಕಡೆಗೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯನ ಜೊತೆಗಿದ್ದದ್ದು ಅದು. 1.8 ಮೀಟರಿಗೂ ತುಸು ಹೆಚ್ಚು ಉದ್ದ, ಮೈತುಂಬ ಕೊಡಲಿಯ ಏಟಿನ ಗುರುತು, ಹೆದೆ ಕಟ್ಟಲು ತುದಿಯಲ್ಲಿ ಕಚ್ಚು ಕೂಡ ಇಲ್ಲ. ಬತ್ತಳಿಕೆಯ 14 ಬಾಣಗಳಲ್ಲಿ ಮುಗಿದದ್ದು ಎರಡೇ. ಮುಗಿದ ಬಿಲ್ಲಿನಲ್ಲಿ ಕೆತ್ತಿದವನ ಕೈ ಮಾಸಿಹೋಗಿರುತ್ತದೆ. ಇಲ್ಲಿ ಒಂದೊಂದು ಏಟೂ ಹಾಗೇ ಉಳಿದಿದೆ.

ನೆವಾಡದ ಮೂಲ ಜನರು ಮರ ಉರುಳಿಸುವುದಕ್ಕಿಂತ ಸೊಗಸಾದ ದಾರಿ ಕಂಡುಕೊಂಡಿದ್ದರು. ಜುನಿಪರ್ ಮರದ ನೆಟ್ಟನೆಯ ಕಾಂಡದಲ್ಲಿ ಬಿಲ್ಲಿನ ಉದ್ದ ಬಿಟ್ಟು ಮೇಲೊಂದು, ಕೆಳಗೊಂದು ಕಚ್ಚು ಹಾಕಿ ಬಿಡುವುದು. ನಡುವಿನ ಪಟ್ಟಿ ನಿಂತ ಮರದಲ್ಲೇ ಒಣಗಿ ಹದವಾಗುತ್ತದೆ. ಆಮೇಲೆ ಅದನ್ನಷ್ಟೇ ಸೀಳಿ ತೆಗೆದುಕೊಳ್ಳುವುದು. ಮರ ಸಾಯುವುದಿಲ್ಲ. ಗಾಯದ ಪಕ್ಕದಲ್ಲಿ ಮತ್ತೆ ನೆಟ್ಟನೆಯ ಮರ ಬೆಳೆದು ಇನ್ನೊಂದು ಬಿಲ್ಲಿಗೆ ಒದಗುತ್ತದೆ. ಪುರಾತತ್ತ್ವಜ್ಞ ಫಿಲಿಪ್ ವಿಲ್ಕಿ 1988ರಲ್ಲಿ ಇಂಥ ಮರಗಳ ಬಗ್ಗೆ ಬರೆದರು. ಮರದೊಡನೆ ಇಷ್ಟು ಗೌರವದ ವ್ಯವಹಾರ ನಾನು ಬೇರೆ ಕಂಡಿಲ್ಲ.

ನಮ್ಮ ಕೊಟ್ಟಿಗೆಯಲ್ಲಿ ಸೀಳುಗಳು ಒಂದು ವರ್ಷವಾದರೂ ಒಣಗಬೇಕು. ಬೆನ್ನಿಗೆ ವಾರ್ನಿಶ್ ಹಚ್ಚಿ, ಆಗಾಗ ತೂಗಿ ಬರೆದಿಡುತ್ತೇವೆ. ತೂಕ ಇಳಿಯುವುದು ನಿಂತರೆ ಹದ ಬಂತೆಂದು ಲೆಕ್ಕ. ಈಗ ಗೋಡೆಗೆ ಒರಗಿದವುಗಳಲ್ಲಿ ಒಂದು ಹಾವಿನಂತೆ ಆಚೀಚೆ ಓಲಾಡಿದೆ. ನೋಡಲು ಬಂದವರು ಅದನ್ನು ಸೌದೆಗೆ ಹಾಕಿ ಎನ್ನುತ್ತಾರೆ. ಹಿರಿಯರು ಅದರ ಎರಡು ತುದಿಗೆ ದಾರ ಬಿಗಿದು ತೋರಿಸಿದರು. ದಾರ ಹಿಡಿಕೆ ಬರುವ ಜಾಗದ ನಟ್ಟನಡುವೆ ಹಾದುಹೋಗುತ್ತದೆ. ಹಾಗಿದ್ದರೆ ಸಾಕಂತೆ, ಎಳೆ ಓಲಾಡಿದ ಕಡೆ ಬಿಲ್ಲೂ ಓಲಾಡಲಿ, ಬಾಣಕ್ಕೆ ತೊಂದರೆಯಿಲ್ಲ. ಮೊದಲು ಕೆತ್ತುವುದು ಅದನ್ನೇ ಎಂದು ಇಬ್ಬರೂ ಒಪ್ಪಿದ್ದೇವೆ.