ಕಿಟೆಲ್ಲರ ಒಡನಾಡಿಗಳು

ನಮ್ಮ ಧಾರವಾಡದ ಹುಡುಗರಿಗೆ ಕಿಟೆಲ್ ಎಂದರೆ ಒಂದು ಕಾಲೇಜಿನ ಹೆಸರು. ಆ ಹೆಸರಿನ ಮನುಷ್ಯ 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿ, 21ನೇ ವಯಸ್ಸಿಗೆ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಹಡಗು ಹತ್ತಿ ಬಂದವರು. ಮಂಗಳೂರು, ಧಾರವಾಡ, ಮಡಿಕೇರಿ ಎಂದು ತಿರುಗಿದರು. ಬಂದದ್ದು ಮತಪ್ರಚಾರಕ್ಕೆ, ಮುಚ್ಚಿಡುವುದೇಕೆ? ಆದರೆ ಅವರನ್ನು ಹಿಡಿದು ನಿಲ್ಲಿಸಿದ್ದು ಕನ್ನಡ. ಪಂಡಿತರ ಒಡನಾಟದಲ್ಲಿ ಹಳಗನ್ನಡ ಕಲಿತರು, ಜನರ ಬಾಯಿಂದ ಗಾದೆಮಾತು ಆಯ್ದುಕೊಂಡರು.

ಒಮ್ಮೆ ಜರ್ಮನಿಗೆ ಮರಳಿದವರು ನಿಘಂಟಿನ ಕೆಲಸಕ್ಕೆಂದು 1883ರಲ್ಲಿ ಮತ್ತೆ ಬಂದರು. ಆಗ ಅವರಿಗೆ 51. ನಾನೂ ಆ ವಯಸ್ಸಿನ ಆಸುಪಾಸಿನವನೇ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ನಿಂತು ಬಂದರೆ ಮೊಣಕಾಲು ಹಿಡಿಯುತ್ತದೆ!

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ವಿಜ್ಞಾನದ ಮಾಸ್ತರನಾದ ನಾನು ಅದನ್ನು ತೆರೆಯುವುದು ಗಿಡಮರಗಳಿಗಾಗಿ. ಎಷ್ಟೋ ಗಿಡಗಳ ಮುಂದೆ ಲ್ಯಾಟಿನ್ ಹೆಸರೂ ಇದೆ. 'ಸರ್, ನಮ್ಮವ್ವ ಈ ಗಿಡಕ್ಕ ಬ್ಯಾರೆ ಹೆಸರು ಹೇಳ್ತಾಳ್ರಿ' ಎಂದು ಹಳ್ಳಿಯ ಹುಡುಗರು ಅಂದಾಗ ಅಲ್ಲಿ ಹುಡುಕುತ್ತೇನೆ. ಹಲವು ಸಲ ಸಿಗುತ್ತದೆ. ಅಂಥ ಅವ್ವಂದಿರ ಮಾತೇ ನೂರು ವರ್ಷಕ್ಕೂ ಹಿಂದೆ ಯಾರ ಮೂಲಕವೋ ಅವರ ಕಿವಿಗೆ ಬಿದ್ದಿರಬೇಕು. ಸಿಗದಿದ್ದರೆ, 'ಅವ್ವನ್ನ ಕೇಳಿ ಬರಕೊಂಡು ಬಾ' ಎಂದು ಕಳಿಸುತ್ತೇನೆ.