ಮಗಳು ಓದಿದ ಕಾಗದ

ಊರಿಗೆ ಹೊರಟಾಗಲೆಲ್ಲ ನಾವು ಮರೆಯದೆ ಒಯ್ಯುತ್ತಿದ್ದ ವಸ್ತುವೆಂದರೆ ಮಗಳ ಅಂಕಪಟ್ಟಿ. ಬೆಂಗಳೂರಿನಿಂದ ಕೋಲಾರ, ಅಲ್ಲಿಂದ ಮುಳಬಾಗಿಲು, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಆವನಿ. ಮನೆ ಸೇರಿ ಕಾಲು ತೊಳೆದು ಕೂತೆವೋ ಇಲ್ಲವೋ, ಮಾತು ಅಂಕಪಟ್ಟಿಗೇ ಬರುತ್ತಿತ್ತು. ಅಕ್ಕಪಕ್ಕದವರು ಬಂದರೆ ಅವಳಿಂದ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿಸುತ್ತಿದ್ದೆವು. ಅವಳು ಮುಖ ಸಣ್ಣದು ಮಾಡಿಕೊಂಡು ಆಡುತ್ತಿದ್ದಳು. ಅಮ್ಮಿ ಮಾತ್ರ 'ಮಾಷಾ ಅಲ್ಲಾಹ್' ಎಂದು ಮೊಮ್ಮಗಳ ತಲೆ ಸವರಿ, "ಊಟ ಸರಿಯಾಗಿ ಮಾಡುತ್ತಾಳೋ ಇಲ್ಲವೋ?" ಎಂದು ಕೇಳುತ್ತಿದ್ದರು.

ನಾವು ಪ್ರಾಥಮಿಕ ಶಾಲೆಯನ್ನು ಉರ್ದುವಿನಲ್ಲಿ, ಹೈಸ್ಕೂಲನ್ನು ಕನ್ನಡದಲ್ಲಿ ಮುಗಿಸಿದವರು. ಮನೆಯಲ್ಲಿ ದಖನಿ, ಬೀದಿಯಲ್ಲಿ ತೆಲುಗು, ಬರವಣಿಗೆ ಕನ್ನಡ. ಈ ಸೀಮೆಯಲ್ಲಿ ಇದೇನೂ ವಿಶೇಷವಲ್ಲ. ಮಗಳದು ಇಂಗ್ಲಿಷ್ ಮಾಧ್ಯಮ. ಉರ್ದು ಅಕ್ಷರ ಅವಳಿಗೆ ಬಾರದು. ಕನ್ನಡ ಎರಡನೇ ಭಾಷೆ. ಅವಳ ಗಣಿತದ, ವಿಜ್ಞಾನದ ಅಂಕಗಳನ್ನು ಹೇಳಿಕೊಂಡು ತಿರುಗಿದ ನಾವು, ಕನ್ನಡದಲ್ಲಿ ಕಥೆ ಬರೆಯುವವರಾಗಿದ್ದೂ, ಅವಳ ಕನ್ನಡದ ಮಾತೆತ್ತುತ್ತಿರಲಿಲ್ಲ. ಅದರಿಂದ ಎಲ್ಲಿ ಸೀಟು ಸಿಗುತ್ತದೆ?

ಕಳೆದ ಬೇಸಿಗೆಯಲ್ಲಿ ಅವಳ ಎಸ್ಸೆಸ್ಸೆಲ್ಸಿ ಮುಗಿಯಿತು. ಪಿಯುಸಿಯ ಜೊತೆಗೇ ಕೋಚಿಂಗ್ ಕೊಡುವ ಕಾಲೇಜಿಗೆ ಸೇರಿಸಬೇಕೆಂದು ನಮ್ಮ ಹಟ. ಎರಡು ವರ್ಷದ ಶುಲ್ಕ ಕೇಳಿ ಎದೆ ಒಡೆಯಿತು. ಆಗ ನೆನಪಾದದ್ದು ಆವನಿಯ ಹಿಪ್ಪುನೇರಳೆ ತೋಟ. ಒಂದು ಎಕರೆ ಹತ್ತು ಗುಂಟೆ, ಅಮ್ಮಿಯ ಹೆಸರಿನಲ್ಲಿದೆ. ಅಬ್ಬಾ ತೀರಿಕೊಂಡ ಮೇಲೆ ಅದೇ ಸೊಪ್ಪಿನಲ್ಲಿ ಹುಳು ಸಾಕಿ, ಚಂದ್ರಂಕಿ ಹೊತ್ತು, ಗೂಡು ಮಾರಿ ಅಮ್ಮಿ ನಮ್ಮನ್ನು ಓದಿಸಿದ್ದರು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಸಾಗುವಳಿ ಜಮೀನು ಕೊಳ್ಳಬಹುದಾಯಿತು. ನಮಗೂ ಬೆಂಗಳೂರಿನಲ್ಲೇ ಗಿರಾಕಿ ಸಿಕ್ಕರು. ಕಾಗದ ಬರೆಸಿದೆವು. ಅಮ್ಮಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮಗಳ ಓದಿಗೆ ಒಂದು ಕಾಗದ, ನಿಮ್ಮ ರುಜು ಬೇಕು." ಸುಳ್ಳು ಹೇಳಲಿಲ್ಲವೆಂದು ನಮ್ಮನ್ನು ನಾವೇ ಸಮಾಧಾನ ಮಾಡಿಕೊಂಡೆವು. ಅಮ್ಮಿ ರುಜು ಹಾಕುವುದು ಉರ್ದುವಿನಲ್ಲಿ, ಕನ್ನಡ ಓದಲು ಅವರಿಗೆ ಬಾರದು ಎಂಬುದು ನಮಗೆ ಚೆನ್ನಾಗಿ ಗೊತ್ತಿತ್ತು.

ಆವನಿಯನ್ನು ನೋಡದವರಿಗೆ ಒಂದು ಮಾತು. ಬೆಟ್ಟದ ಬುಡದಲ್ಲಿ ನೊಳಂಬರ ಕಾಲದ, ಸಾವಿರ ವರ್ಷ ದಾಟಿದ ಗುಡಿಗಳಿವೆ. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನಲ್ಲಿ ಒಂದೊಂದು. ಬೆಟ್ಟದ ಮೇಲೆ ಸೀತೆಯ ಗುಡಿ. ವಾಲ್ಮೀಕಿಯ ಆಶ್ರಮ ಇಲ್ಲೇ ಇತ್ತು, ಲವಕುಶರನ್ನು ಸೀತೆ ಇಲ್ಲೇ ಹೆತ್ತು ಬೆಳೆಸಿದಳು ಎಂಬುದು ಊರಿನ ನಂಬಿಕೆ. ಶಾಸನದ ಕಲ್ಲುಗಳೂ ಇವೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಅವೂ ಸೇರಿವೆ. ಹಿಂದಿನವರು ಭೂಮಿ ಕೊಟ್ಟರೆ ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಕೊರೆಸುತ್ತಿದ್ದರು. ನಾವು ನಮ್ಮ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟು ಒಯ್ದಿದ್ದೆವು.

ಸಂಜೆ ಜಗಲಿಯಲ್ಲಿ ಕಾಗದ ಮುಂದಿಟ್ಟು ಪೆನ್ನು ಕೊಟ್ಟೆವು. ಅಮ್ಮಿ ಪೆನ್ನು ಮುಟ್ಟಲಿಲ್ಲ. ಮೊಮ್ಮಗಳನ್ನು ಕರೆದರು. "ಪಢ್‌ಕೇ ಬೋಲ್ ಬೇಟಾ. ನಿನ್ನ ಓದನ್ನು ಇವರು ಹೊಗಳದ ದಿನವಿಲ್ಲ, ನಾನೂ ಒಮ್ಮೆ ಕೇಳುತ್ತೇನೆ."

ಅವಳು ಬೆರಳಿಟ್ಟು ಓದತೊಡಗಿದಳು. "ಕ್ರಯದ ಕರಾರು ಪತ್ರ... ದಾದಿಮಾ, ಕ್ರಯ ಅಂದರೆ?"

"ಬೇಚ್ನಾ," ಎಂದರು ಅಮ್ಮಿ. "ಮುಂದೆ ಓದು."

ಚೆಕ್ಕುಬಂದಿ ಬಂತು. ಆ ಪದವೂ ಅವಳಿಗೆ ತಿಳಿಯದು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ ಎಂದು ಅವಳು ಓದುತ್ತಿದ್ದಂತೆ ಅಮ್ಮಿ ಒಂದೊಂದಕ್ಕೂ ತಲೆಯಾಡಿಸಿ, "ಹ್ಞೂಂ, ಹುಣಸೆಮರದ ಹತ್ತಿರದ ಹಳ್ಳ" ಎಂದು ಅರ್ಥ ಹೇಳುತ್ತಿದ್ದರು. ಅಕ್ಷರ ಮೊಮ್ಮಗಳದು, ಅರ್ಥ ಅಜ್ಜಿಯದು. ನಾವು ಬಚ್ಚಿಟ್ಟದ್ದು ಅವರಿಬ್ಬರ ನಡುವೆ ಸಾಲು ಸಾಲಾಗಿ ಹೊರಗೆ ಬಂತು.

'ಬಾವಿ, ಮರಗಿಡಗಳ ಸಹಿತ' ಎಂಬಲ್ಲಿ ಮಗಳು ನಿಂತಳು. "ಇದು ನಮ್ಮ ತೋಟ ಅಲ್ವಾ?" ಎಂದು ನಮ್ಮ ಮುಖ ನೋಡಿದಳು. ಸಾಕು, ನಿಲ್ಲಿಸು ಎಂದು ಕಣ್ಣಿನಲ್ಲೇ ಹೇಳಿದೆವು. ಅವಳಿಗೆ ಅದು ತಿಳಿಯಿತು. ತಿಳಿದೂ ತಲೆ ತಗ್ಗಿಸಿ, ಹಣದ ಮೊತ್ತದವರೆಗೆ, ಕೊನೆಯ ಸಾಲಿನವರೆಗೆ, ಒಂದು ಪದವನ್ನೂ ಬಿಡದೆ ಓದಿದಳು.

ಲವಕುಶರು ತಂದೆಯ ಎದುರಿನಲ್ಲೇ ನಿಂತು ತಂದೆಯ ಕಥೆಯನ್ನು ಹಾಡಿದರೆಂದು ಚಿಕ್ಕಂದಿನಲ್ಲಿ ಪಕ್ಕದ ಮನೆಯ ಅಜ್ಜಿ ಹೇಳುತ್ತಿದ್ದರು. ಕೂತು ಕೇಳಿದ ತಂದೆಗೆ ಹೇಗಾಗಿರಬಹುದೆಂದು ನಾವು ಎಂದೂ ಯೋಚಿಸಿರಲಿಲ್ಲ. ಅಂದು ನೆಲ ಬಿರಿಯಬಾರದೇ ಎನಿಸಿತು. ಆ ನಾಚಿಕೆಯ ಬೆನ್ನಿಗೇ, ಯಾವ ಅಂಕಪಟ್ಟಿಯೂ ಕೊಡದ ಒಂದು ಹೆಮ್ಮೆ ಬಂದದ್ದೂ ನಿಜ.

ಅಮ್ಮಿ ಬೈಯಲಿಲ್ಲ. "ಕುರಾನಿನಲ್ಲಿ ಎಲ್ಲಕ್ಕಿಂತ ಉದ್ದದ ಆಯತ್ ಸಾಲದ ಕಾಗದ ಹೇಗೆ ಬರೆಯಬೇಕು ಅನ್ನುವುದರ ಬಗ್ಗೆ ಇದೆ. ನೀವು ಕಥೆ ಬರೆಯುವವರು, ನಿಮಗೆ ನಾನು ಹೇಳಬೇಕೆ?" ಎಂದಷ್ಟೇ ಹೇಳಿ, ಕಾಗದವನ್ನು ಮಡಚಿ ತಮ್ಮ ಟ್ರಂಕಿನಲ್ಲಿಟ್ಟರು. ರುಜು ಹಾಕಲಿಲ್ಲ, ಹರಿಯಲೂ ಇಲ್ಲ.

ಮಗಳು ಈಗ ಮನೆಯ ಹತ್ತಿರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅವಳ ಪುಸ್ತಕಗಳಿಗೆ ಅಮ್ಮಿ ಗೂಡು ಮಾರಿದ ಹಣ ಕಳಿಸಿದರು.

ಅಂದು ಹಿಂದಿರುಗುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ್ದಳು: "ನಾನು ಓದಬಾರದಿತ್ತಾ?"

"ಓದಿದ್ದು ಒಳ್ಳೆಯದಾಯಿತು ಬೇಟಾ" ಎನ್ನಬೇಕಿತ್ತು. ಅಷ್ಟು ಹೇಳಲು ನಮಗೆ ಮುಳಬಾಗಿಲಿನಿಂದ ಕೋಲಾರದವರೆಗಿನ ದಾರಿ ಬೇಕಾಯಿತು.